ರಜೆಯಲ್ಲಿ ಗುದ್ದಲಿ: ಶ್ರಮದಾನ ಶಿಬಿರದ ನೂರು ವರ್ಷ

ರಜೆ ಬಂದಾಗ ತಮ್ಮದಲ್ಲದ ಊರಿಗೆ ಹೋಗಿ, ಕೂಲಿ ಕೇಳದೆ ಅಲ್ಲಿಯ ಕೆಲಸಕ್ಕೆ ಕೈ ಹಚ್ಚಿ, ಅಲ್ಲೇ ಉಂಡು ಮಲಗಿ, ರಜೆ ಮುಗಿದೊಡನೆ ವಾಪಸಾಗುವ ಪದ್ಧತಿ ಕರ್ನಾಟಕದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಿಗೆಲ್ಲ ‘ಎನ್ನೆಸ್ಸೆಸ್ ಕ್ಯಾಂಪ್’ ಎಂಬ ಹೆಸರಿನಲ್ಲಿ ಪರಿಚಿತ. ಸರಕಾರಿ ಶಾಲೆಯ ಕೋಣೆಗಳಲ್ಲಿ ಜಮಖಾನೆ ಹಾಸಿ ಮಲಗುವ, ಬೆಳಗ್ಗೆ ಗುದ್ದಲಿ ಹಿಡಿದು ಚರಂಡಿ ತೋಡುವ, ಸಂಜೆ ಊರವರ ಮುಂದೆ ಹಾಡಿ ಕುಣಿಯುವ ಈ ಶಿಬಿರಕ್ಕೆ ಒಂದೇ ಮೂಲವಿಲ್ಲ. ಕಾಂಗ್ರೆಸ್ ಅಧಿವೇಶನಗಳ ಸ್ವಯಂಸೇವಕ ದಳ ಒಂದು ಕಡೆ, ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಯೊಂದು ಇನ್ನೊಂದು ಕಡೆ. ಎರಡೂ ಕಡೆ ಮೊದಲಿನಿಂದಲೇ ಎರಡು ಪ್ರಶ್ನೆಗಳು ಬೆನ್ನು ಹತ್ತಿದ್ದವು: ಈ ಕೆಲಸ ಬೇಕಾಗಿರುವುದು ಊರಿಗೋ, ಬಂದವರಿಗೋ? ಬಂದವರು ತಾವಾಗಿ ಬಂದವರೋ, ಕಳಿಸಿದ್ದಕ್ಕೆ ಬಂದವರೋ?

ಭಾರತದಲ್ಲಿ ರಜೆಗೂ ಸಾರ್ವಜನಿಕ ಸೇವೆಗೂ ನಂಟು ಬೆಳೆದದ್ದು ಕ್ರಿಸ್‌ಮಸ್ ರಜೆಯಿಂದ. ಕಾಂಗ್ರೆಸ್ಸಿನ ಮೊದಲ ಅಧಿವೇಶನ 1885ರ ಡಿಸೆಂಬರ್ ಕೊನೆಯ ವಾರ ಮುಂಬಯಿಯಲ್ಲಿ ನಡೆಯಿತು. ಮುಂದೆಯೂ ಹಲವು ದಶಕ ಅದೇ ವಾರವೇ ರೂಢಿಯಾಯಿತು, ಏಕೆಂದರೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ವಕೀಲರು, ಮೇಷ್ಟರುಗಳು. ಕೋರ್ಟು, ಕಾಲೇಜು ಮುಚ್ಚದೆ ಅವರಿಗೆ ಬಿಡುವಿರಲಿಲ್ಲ. ಪ್ರತಿನಿಧಿಗಳ ಉಪಚಾರಕ್ಕೆ ನಿಲ್ಲುತ್ತಿದ್ದ ಸ್ವಯಂಸೇವಕರಲ್ಲಿ ವಿದ್ಯಾರ್ಥಿಗಳೇ ಬಹಳ. ಆ ಕಾಲದ ಸೇವೆ ಎಷ್ಟರಮಟ್ಟಿನದು ಎಂಬುದಕ್ಕೆ 1901ರ ಕಲಕತ್ತೆ ಅಧಿವೇಶನದ ಬಗ್ಗೆ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿರುವುದೇ ಸಾಕ್ಷಿ. ಒಬ್ಬ ಸ್ವಯಂಸೇವಕನಿಗೆ ಹೇಳಿದ ಕೆಲಸ ಇನ್ನೊಬ್ಬನಿಗೆ, ಅಲ್ಲಿಂದ ಮತ್ತೊಬ್ಬನಿಗೆ ದಾಟಿ ಕೊನೆಗೆ ಯಾರೂ ಮಾಡುತ್ತಿರಲಿಲ್ಲ. ಕಕ್ಕಸು ನಾರುತ್ತಿತ್ತು, ಕೇಳಿದರೆ ಅದು ಜಾಡಮಾಲಿಗಳ ಕೆಲಸವೆಂಬ ಉತ್ತರ. ಗಾಂಧೀಜಿ ಪೊರಕೆ ಕೇಳಿ ಪಡೆದು ತಮಗೆ ಬೇಕಾದಷ್ಟು ಜಾಗವನ್ನು ತಾವೇ ಗುಡಿಸಿಕೊಂಡರು.

ಈ ಅವ್ಯವಸ್ಥೆಗೆ ಶಿಸ್ತು ತಂದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಕಲಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ಲಾಲಾ ಲಜಪತರಾಯರ ಜತೆ ದುಡಿದು ಬಂದ ಹರ್ಡೀಕರ್ 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ತಮ್ಮ ದಳವನ್ನು ಕರೆದೊಯ್ದರು. ಜೈಲಿನ ಕಷ್ಟ ತಾಳದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರೂ ಹುಬ್ಬಳ್ಳಿಯವರು ಬಗ್ಗಲಿಲ್ಲ. ತರಬೇತಾದ ಸ್ವಯಂಸೇವಕರ ಬೆಲೆ ಆಗ ಕಾಂಗ್ರೆಸ್ಸಿಗೆ ತಿಳಿಯಿತು. ಅದೇ ಡಿಸೆಂಬರಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು, ಕಚೇರಿ ಹುಬ್ಬಳ್ಳಿಯಲ್ಲಿ.

ಒಂದು ವರ್ಷದೊಳಗೆ ದಳಕ್ಕೆ ತವರಿನಲ್ಲೇ ಪರೀಕ್ಷೆ ಬಂತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ; ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಡೇರೆಗಳ ಊರು ಎದ್ದಿತು. ನೀರಿಗೆಂದು ತೋಡಿದ ಬಾವಿ ಇಂದಿಗೂ ‘ಕಾಂಗ್ರೆಸ್ ಬಾವಿ’. ಉಮಾಬಾಯಿ ಕುಂದಾಪುರ ಮಹಿಳಾ ಸ್ವಯಂಸೇವಕಿಯರನ್ನು ಕಲೆಹಾಕಿದರು. ಮನೆಯ ಹೊಸ್ತಿಲು ದಾಟದ ವಿಧವೆಯರನ್ನೂ ಕರೆತಂದು ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕಕ್ಕಸು ಶುಚಿ ಮಾಡುವ ಕೆಲಸವನ್ನೂ ಸ್ವಯಂಸೇವಕರೇ ವಹಿಸಿಕೊಂಡರು, ಅವರಲ್ಲಿ ಮೇಲ್ಜಾತಿಯವರೂ ಇದ್ದರು. ಕಲಕತ್ತೆಯಿಂದ ಬೆಳಗಾವಿಗೆ ಬರುವಷ್ಟರಲ್ಲಿ ಇಷ್ಟು ಬದಲಾಗಿತ್ತು. ಇಷ್ಟೇ ಬದಲಾಗಿತ್ತು ಎಂದೂ ಹೇಳಬಹುದು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಒಬ್ಬಳಾಗಿದ್ದ ಗಂಗೂಬಾಯಿ ಹಾನಗಲ್, ಊಟವಾದ ಮೇಲೆ ಜಾತಿಯ ಕಾರಣಕ್ಕೆ ಎಲೆ ಎತ್ತಲು ಎಲ್ಲಿ ಹೇಳುತ್ತಾರೋ ಎಂದು ಹೆದರಿದ್ದನ್ನು ಮುಂದೆ ನೆನೆಸಿಕೊಂಡಿದ್ದಾರೆ.

ಅಧಿವೇಶನದ ಸೇವೆ ನಾಲ್ಕು ದಿನದ್ದು. ಅದನ್ನು ಹಳ್ಳಿಯ ಕಡೆಗೆ ತಿರುಗಿಸಿದ್ದೂ ಗಾಂಧೀಜಿಯೇ. ವಿದ್ಯಾರ್ಥಿಗಳು ರಜೆಯನ್ನೆಲ್ಲ ಗ್ರಾಮಸೇವೆಗೆ ಕೊಡಬೇಕು, ಕಾಲೇಜಿನ ಸಮೀಪದ ಹಳ್ಳಿಗಳಿಗೆ ನಡೆದು ಹೋಗಿ ಜನರ ಸ್ನೇಹ ಬೆಳೆಸಬೇಕು ಎಂದು 1920ರ ದಶಕದ ಕೊನೆಯಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅವರು ಬರೆದರು. ಅವರ ಒತ್ತು ಮೊದಲು ಪರಿಚಯದ ಮೇಲೆ, ಆಮೇಲೆ ಕೆಲಸದ ಮೇಲೆ. ನಂತರ ಬಂದ ಸರಕಾರಿ ಯೋಜನೆಗಳು ಈ ಕ್ರಮವನ್ನು ತಿರುವುಮುರುವು ಮಾಡಿದವು.

ಇನ್ನೊಂದು ಮೂಲ ಯುರೋಪಿನದು. ಪಿಯರ್ ಸೆರೆಸೋಲ್ 1879ರಲ್ಲಿ ಹುಟ್ಟಿದ ಸ್ವಿಸ್ ಎಂಜಿನಿಯರ್. ತಂದೆ ಸ್ವಿಟ್ಜರ್ಲೆಂಡಿನ ರಾಷ್ಟ್ರಾಧ್ಯಕ್ಷರಾಗಿದ್ದವರು. ಮಗ ಸೈನ್ಯ ತೆರಿಗೆ ಕಟ್ಟಲು ಒಪ್ಪದೆ ಜೈಲು ಕಂಡವನು. ಯುದ್ಧ ಬೇಡವೆಂದು ಭಾಷಣ ಮಾಡಿ ಪ್ರಯೋಜನವಿಲ್ಲ, ಸೈನಿಕನಷ್ಟೇ ಕಷ್ಟಪಟ್ಟು ದುಡಿಯುವ ಇನ್ನೊಂದು ಬಗೆಯ ಸೇವೆ ಇರಬೇಕು ಎಂಬುದು ಅವನ ವಾದ. 1920ರ ನವೆಂಬರಿನಲ್ಲಿ ಕೆಲವೇ ಗೆಳೆಯರು ವರ್ಡನ್ ರಣರಂಗದ ಬಳಿಯ ಎಸ್ನ್ ಎಂಬ ಹಳ್ಳಿಗೆ ಹೋಗಿ, ಷೆಲ್ ಬಿದ್ದು ಆದ ಗುಂಡಿಗಳನ್ನು ಮುಚ್ಚಿ, ಮರದ ತಾತ್ಕಾಲಿಕ ಮನೆಗಳನ್ನು ಕಟ್ಟತೊಡಗಿದರು. ತಂಡದಲ್ಲಿ ಜರ್ಮನರೂ ಇದ್ದರು. ಎರಡು ವರ್ಷದ ಹಿಂದೆ ಅದೇ ನೆಲದಲ್ಲಿ ಶತ್ರುಗಳಾಗಿದ್ದವರು ಈಗ ಸಲಿಕೆ ಹಿಡಿದು ನಿಂತದ್ದನ್ನು ಅಧಿಕಾರಿಗಳು ಸಹಿಸಲಿಲ್ಲ. ಸುಮಾರು 5 ತಿಂಗಳಿಗೆ ಶಿಬಿರ ಮುಚ್ಚಿತು. ಊರಿಗೆ ಸಹಾಯ ಬೇಕಿದ್ದರೂ ಸಹಾಯ ಯಾರಿಂದ ಎಂಬುದೂ ಊರಿಗೆ ಮುಖ್ಯ ಎಂಬ ಪಾಠ ಅಲ್ಲೇ ಸಿಕ್ಕಿತು.

1924ರಲ್ಲಿ ಸ್ವಿಸ್ ಕಣಿವೆಯೊಂದರಲ್ಲಿ ಹಿಮಪಾತದ ಅವಶೇಷ ತೆಗೆಯುವ ಕೆಲಸದಿಂದ ಶಿಬಿರಗಳು ಮತ್ತೆ ಶುರುವಾದವು. ತಮಾಷೆಯೆಂದರೆ, ಯುದ್ಧವಿರೋಧಿಗಳ ಈ ಶಿಬಿರಗಳಿಗೆ ದಿನಚರಿ, ಶಿಸ್ತು ಕಲಿಸಿದವನು ಸೆರೆಸೋಲನ ಅಣ್ಣತಮ್ಮಂದಿರಲ್ಲೇ ಒಬ್ಬನಾದ ಅರ್ನೆಸ್ಟ್. ಅವನು ಸೈನ್ಯದಲ್ಲಿ ಕರ್ನಲ್. 1927ರಲ್ಲಿ ರೈನ್ ನದಿ ಲಿಕ್ಟೆನ್‌ಸ್ಟೈನನ್ನು ಮುಳುಗಿಸಿ ಹೊಲಗಳ ಮೇಲೆ ಮರಳು, ಕಲ್ಲು ಹರಡಿ ಹೋಯಿತು. ಮರುವರ್ಷ ಅದನ್ನು ತೆಗೆಯಲು ಹಲವು ದೇಶಗಳಿಂದ 700ಕ್ಕೂ ಹೆಚ್ಚು ಜನ ಬಂದರು. ರಜೆಯಲ್ಲಿದ್ದ ವಿದ್ಯಾರ್ಥಿಗಳು ತಮ್ಮ ಬಿಡುವಿಗೆ ತಕ್ಕಂತೆ ಕೆಲವು ವಾರ ದುಡಿದು ಹೋಗುವ, ಅವರ ಜಾಗಕ್ಕೆ ಬೇರೆಯವರು ಬರುವ ಏರ್ಪಾಡು ಗಟ್ಟಿಯಾದದ್ದು ಅಲ್ಲಿ. ಗಂಡಸರು ಮಣ್ಣು ಹೊತ್ತರೆ, ‘ಸೋದರಿಯರು’ ಎಂದು ಕರೆಯಲಾಗುತ್ತಿದ್ದ ಹೆಂಗಸರು ಅಡುಗೆ ಮಾಡಿ ಬಟ್ಟೆ ಒಗೆದರು. ಶಾಂತಿಯ ಹೊಸ ಲೋಕದಲ್ಲೂ ಒಲೆಯ ಮುಂದಿನ ಜಾಗ ಯಾರದ್ದೆಂಬುದು ಬದಲಾಗಿರಲಿಲ್ಲ.

ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂದು ಹೆಸರಾದ ಈ ಸಂಘಟನೆಯವರು ಬೇಗನೆ ಕೆಲವು ನಿಯಮ ಮಾಡಿಕೊಂಡರು. ಅಗತ್ಯವಿಲ್ಲದ ಕೆಲಸ ಹಿಡಿಯಕೂಡದು. ಕೂಲಿಯವರ ಅನ್ನ ಕಸಿಯುವ ಕೆಲಸವನ್ನಂತೂ ಮುಟ್ಟಕೂಡದು. ಊರವರು ಒಪ್ಪಿ ಕರೆದಿರಬೇಕು. ನಿಯಮಗಳು ಸರಳ, ಪಾಲಿಸುವುದು ಕಷ್ಟ. ಅದು ಗೊತ್ತಾದದ್ದು ಬಿಹಾರದಲ್ಲಿ.

1934ರ ಜನವರಿ 15ರಂದು ಉತ್ತರ ಬಿಹಾರದಲ್ಲಿ ಭಾರೀ ಭೂಕಂಪ. ಸಾವಿರಾರು ಜನ ಸತ್ತರು; ನೆಲದೊಳಗಿಂದ ಉಕ್ಕಿದ ಮರಳು ಹೊಲ, ಬಾವಿಗಳನ್ನು ತುಂಬಿತು; ನೀರು ಹರಿಯುವ ದಾರಿ ಬದಲಾಗಿ ಕೆಲವು ಹಳ್ಳಿಗಳು ಮಳೆಗಾಲದಲ್ಲಿ ಮುಳುಗತೊಡಗಿದವು. ಪರಿಹಾರ ಸಮಿತಿಯ ನೇತೃತ್ವ ರಾಜೇಂದ್ರ ಪ್ರಸಾದರದು. 1931ರ ಕೊನೆಯಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಮರಳುವಾಗ ಗಾಂಧೀಜಿ ಫ್ರೆಂಚ್ ಸಾಹಿತಿ ರೋಮಾ ರೋಲಾರನ್ನು ನೋಡಲು ಸ್ವಿಟ್ಜರ್ಲೆಂಡಿನಲ್ಲಿ ತಂಗಿದ್ದಾಗ ಸೆರೆಸೋಲನಿಗೆ ಅವರ ಪರಿಚಯವಾಗಿತ್ತು. ಭೂಕಂಪದ ಸುದ್ದಿ ತಿಳಿದು ಅವನು ಭಾರತಕ್ಕೆ ಬಂದ. 1937ರವರೆಗೆ ಯುರೋಪಿನ ಪುಟ್ಟ ತಂಡ ಮುಜಫರ್‌ಪುರ ಜಿಲ್ಲೆಯಲ್ಲಿ ಮುಳುಗಡೆ ಹಳ್ಳಿಗಳನ್ನು ಎತ್ತರದ ಜಾಗದಲ್ಲಿ ಹೊಸದಾಗಿ ಕಟ್ಟಲು ನೆರವಾಯಿತು. ಅವುಗಳಲ್ಲಿ ಒಂದಕ್ಕೆ ಶಾಂತಿಪುರವೆಂದು ಹೆಸರಾಯಿತು. ಆದರೆ ಮಣ್ಣು ಹೊರುವ ಕೈಗಳಿಗೆ ಬಿಹಾರದಲ್ಲಿ ಬರವೇ? ಸಮುದ್ರ ದಾಟಿ ಬಂದ ನಾಲ್ಕಾರು ಬಿಳಿಯರ ಬುಟ್ಟಿಯಿಂದ ಗೋಡೆ ಎಷ್ಟು ಎತ್ತರ ಏರೀತು? ಲೆಕ್ಕ ಹಾಕಿದರೆ ಅವರ ಹಡಗಿನ ಚಾರ್ಜಿನಲ್ಲಿ ಇನ್ನಷ್ಟು ಮನೆ ಏಳುತ್ತಿದ್ದವು. ಆ ಶಿಬಿರದ ಅರ್ಥ ಬೇರೆ ಕಡೆ ಇತ್ತು: ಆಳುವವರ ಬಣ್ಣದವನೊಬ್ಬ ಕೂಲಿಯ ಕೆಲಸ ಮಾಡುವುದನ್ನು ಹಳ್ಳಿ ನೋಡಿತು, ಮೈಮುರಿದು ದುಡಿಯುವುದು ಕೀಳೆಂದು ಭಾವಿಸಿದ ಜಾತಿಗಳವರೂ ನೋಡಿದರು.

ಸ್ವಾತಂತ್ರ್ಯದ ನಂತರ ಇದೇ ಕೆಲಸ ಯೋಜನೆಗಳ ಭಾಗವಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ಶ್ರಮದಾನ ಊರೂರಿನ ಮಾತಾಯಿತು. ಅದೇ ವರ್ಷ ಭಾರತ ಸೇವಕ ಸಮಾಜ ಹುಟ್ಟಿತು. 1955ರಲ್ಲಿ ಕೋಸಿ ನದಿಯ ಒಡ್ಡಿಗೆ ಅದು ಜನರನ್ನು ಸೇರಿಸಿ ಮಣ್ಣು ಹೊರಿಸಿತು. ಮೈಸೂರು ರಾಜ್ಯದ ಹಳ್ಳಿಗಳಲ್ಲೂ ರಸ್ತೆ, ಶಾಲೆಯ ಕೋಣೆ, ಕೆರೆಯ ಏರಿ ಹೀಗೆ ಆದವು. ಜನರ ದುಡಿಮೆಗೆ ಇಷ್ಟು ರೂಪಾಯಿ ಎಂದು ಬೆಲೆ ಕಟ್ಟಿ ‘ಜನರ ವಂತಿಗೆ’ಯೆಂದು ಕಾಗದದಲ್ಲಿ ತೋರಿಸಲಾಯಿತು. ಹಳ್ಳಿಗಳಿಗೆ ಇನ್ನೊಂದು ನೆನಪೂ ಇತ್ತು. ಗೌಡ, ಅಮಲ್ದಾರರು ಬಂದಾಗ ಕೂಲಿಯಿಲ್ಲದೆ ದುಡಿಯಬೇಕಿದ್ದ ಬಿಟ್ಟಿ ಚಾಕರಿ ಮರೆತುಹೋಗುವಷ್ಟು ಹಳೆಯದಾಗಿರಲಿಲ್ಲ. ರಸ್ತೆಗೆ ಮಣ್ಣು ಹೊತ್ತವರು ಜಮೀನಿಲ್ಲದವರು, ಅದರ ಮೇಲೆ ಗಾಡಿ ಹೊಡೆದವರು ಜಮೀನಿದ್ದವರು ಎಂಬ ಟೀಕೆ ಬೇಗನೆ ಕೇಳಿಬಂತು. ಟೀಕೆಯಲ್ಲಿ ಹುರುಳಿತ್ತು.

ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಇಳಿಸುವ ಚರ್ಚೆ ಇಪ್ಪತ್ತು ವರ್ಷ ನಡೆಯಿತು. ರಾಧಾಕೃಷ್ಣನ್ ಆಯೋಗ 1949ರಲ್ಲೇ ಸೇವೆ ಸ್ವಇಚ್ಛೆಯದಾಗಿರಲಿ ಎಂದಿತ್ತು. 1954ರಲ್ಲಿ ವಿದ್ಯಾರ್ಥಿಗಳ ದುಡಿಮೆ ಮತ್ತು ಸಮಾಜಸೇವಾ ಶಿಬಿರಗಳಿಗೆ ಕೇಂದ್ರ ಸರಕಾರ ಹಣ ಕೊಡತೊಡಗಿತು. 1959ರಲ್ಲಿ ನೇಮಕವಾದ ಸಿ. ಡಿ. ದೇಶಮುಖ್ ಸಮಿತಿ ಇದಕ್ಕೆ ವಿರುದ್ಧವಾಗಿ, ಪ್ರೌಢಶಾಲೆ ಮುಗಿಸಿ ಕಾಲೇಜಿಗೆ ಸೇರುವ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯ ಸೇವೆ ಮಾಡಲಿ ಎಂದಿತು. ಅಷ್ಟು ಮಕ್ಕಳಿಗೆ ಊಟ, ವಸತಿ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಬೇರೆ ದೇಶಗಳ ಅನುಭವ ನೋಡಿಬಂದ ಶಿಕ್ಷಣತಜ್ಞ ಕೆ. ಜಿ. ಸೈಯಿದೈನ್ ಕಡ್ಡಾಯ ಬೇಡವೆಂದರು. ಅಷ್ಟರಲ್ಲಿ ಚೀನಾ ಯುದ್ಧ ಬಂತು, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. ಕವಾಯತು ಮೈಗೂಡದ ಹುಡುಗರಿಗೆ ಬೇರೆ ದಾರಿ ಬೇಕಾಯಿತು. ಕೊಠಾರಿ ಆಯೋಗವೂ ಸಮಾಜಸೇವೆಯನ್ನು ಶಿಕ್ಷಣದ ಅಂಗವಾಗಿಸಲು ಹೇಳಿತ್ತು.

1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಶುರುವಾಯಿತು. ಚಾಲನೆ ಕೊಟ್ಟ ಶಿಕ್ಷಣ ಸಚಿವರು ವಿ. ಕೆ. ಆರ್. ವಿ. ರಾವ್, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು, ಮುಂದೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞರು. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದ ಸೇವೆ, ಜತೆಗೆ ರಜೆಯಲ್ಲಿ ದತ್ತು ಹಳ್ಳಿಯಲ್ಲಿ ಒಂದು ವಿಶೇಷ ಶಿಬಿರ ಎಂಬ ಚೌಕಟ್ಟು ನಿಂತಿತು. 1972-73ರ ಭೀಕರ ಬರದ ಹಿನ್ನೆಲೆಯಲ್ಲಿ ಶಿಬಿರಗಳಿಗೆ ‘ಬರದ ವಿರುದ್ಧ ಯುವಜನ’ ಎಂಬ ಧ್ಯೇಯ ಕೊಡಲಾಯಿತು. ಮುಂದಿನ ವರ್ಷಗಳಲ್ಲಿ ಕೊಳಕು ಮತ್ತು ರೋಗ, ಅರಣ್ಯೀಕರಣ, ಗ್ರಾಮ ಪುನರ್‌ರಚನೆ ಎಂದು ಧ್ಯೇಯಗಳು ಬದಲಾದವು.

ಇದೇ ಕಾಲದಲ್ಲಿ ಸರಕಾರದ ಹೊರಗೂ ಶಿಬಿರ ಬೆಳೆಯಿತು. ಎಸ್. ಎನ್. ಸುಬ್ಬರಾವ್ 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1942ರಲ್ಲಿ ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಬರೆದು ಹದಿಮೂರರ ವಯಸ್ಸಿಗೇ ಬಂಧನಕ್ಕೊಳಗಾದರು. ಹರ್ಡೀಕರರೇ ಅವರನ್ನು ಸೇವಾದಳದ ಕೆಲಸಕ್ಕೆ ಎಳೆದುಕೊಂಡರು. ಹುಬ್ಬಳ್ಳಿಯ ಶಿಸ್ತು ಹೀಗೆ ಚಂಬಲ್ ಕಣಿವೆಗೆ ತಲುಪಿತು: 1970ರಲ್ಲಿ ಮಧ್ಯಪ್ರದೇಶದ ಜೌರಾದಲ್ಲಿ ಸುಬ್ಬರಾವ್ ಆಶ್ರಮ ಕಟ್ಟಿದರು; 1972ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಡಕಾಯಿತರು ಶಸ್ತ್ರ ಒಪ್ಪಿಸಿದ್ದು ಆ ಜಾಗದಲ್ಲೇ. ಅವರ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಿಗೆ ನಾನಾ ರಾಜ್ಯಗಳ ಹುಡುಗ ಹುಡುಗಿಯರು ರಜೆಯಲ್ಲಿ ಬರುತ್ತಿದ್ದರು. ಖಾಕಿ ಚಡ್ಡಿ, ಬಿಳಿ ಖಾದಿ ಅಂಗಿಯ ಸುಬ್ಬರಾವ್, ಶಿಬಿರದವರ ‘ಭಾಯಿಜಿ’, ಬೆಳಗ್ಗೆ ಮಣ್ಣು ಹೊರಿಸಿ ಸಂಜೆ ಹತ್ತಾರು ಭಾಷೆಗಳಲ್ಲಿ ಹಾಡಿಸುತ್ತಿದ್ದರು. ಆ ಶಿಬಿರಗಳಿಂದ ಎಷ್ಟು ಘನ ಅಡಿ ಮಣ್ಣು ಎದ್ದಿತೆಂದು ಯಾರೂ ಲೆಕ್ಕ ಇಡಲಿಲ್ಲ, ಇಡಬೇಕೆಂದು ಅವರಿಗೂ ಅನಿಸಿದಂತಿಲ್ಲ. ಅವರು 2021ರಲ್ಲಿ ತೀರಿಕೊಂಡರು.

ಎನ್ನೆಸ್ಸೆಸ್ ಶಿಬಿರದಲ್ಲಿ ಲೆಕ್ಕಕ್ಕೆ ಕೊರತೆಯಿಲ್ಲ. ಮೊದಲು ಹತ್ತು ದಿನವಿದ್ದ ಶಿಬಿರ ಈಗ ಏಳು ದಿನದ್ದು. ಬೆಳಗ್ಗೆ ಬೇಗ ಎಬ್ಬಿಸುವ ಸೀಟಿ, ಪ್ರಾರ್ಥನೆ, ಧ್ವಜಾರೋಹಣ. ಉಪ್ಪಿಟ್ಟೋ ಚಿತ್ರಾನ್ನವೋ ಆದ ಮೇಲೆ ಶ್ರಮದಾನ. ಮಧ್ಯಾಹ್ನದ ಊಟದ ನಂತರ ತೂಕಡಿಸುವ ಹೊತ್ತಿಗೆ ಉಪನ್ಯಾಸ. ಆಮೇಲೆ ಮನೆ ಮನೆ ಸರ್ವೆ. ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಕರ್ನಾಟಕದ ಶಿಬಿರಗಳಲ್ಲಿ ಅತಿ ಹೆಚ್ಚು ಸಲ ಆಗಿರುವ ಕೆಲಸವೆಂದರೆ ಬಹುಶಃ ಇಂಗುಗುಂಡಿ. ಬಚ್ಚಲ ನೀರು ಬೀದಿಗೆ ಹರಿದು ಕೆಸರಾಗದಂತೆ ಮನೆಯ ಪಕ್ಕ ಒಂದು ಮೀಟರಿನಷ್ಟು ಉದ್ದ, ಅಗಲ, ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಜಲ್ಲಿ, ಮೇಲೆ ಮರಳು ತುಂಬುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದ ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ಬಾಂಡ್ಲಿ ದಾಟಿಸುತ್ತಾರೆ. ಗುದ್ದಲಿಯ ಹಿಡಿತ ತಪ್ಪಿದವನಿಗೆ ಮನೆಯ ಯಜಮಾನಿ ಹೊಸ್ತಿಲಲ್ಲಿ ನಿಂತೇ ಪಾಠ ಹೇಳುತ್ತಾಳೆ. ಗುಂಡಿಗೆ ನೀರು ಬೀಳುವ ಕಡೆ ಜಾಲರಿ ಇಡದಿದ್ದರೆ ಅನ್ನದಗಳು, ಸೋಪಿನ ಜಿಡ್ಡು ಸೇರಿ ಮರಳು ಕಟ್ಟಿಕೊಳ್ಳುತ್ತದೆ. ಆಗಾಗ ಮೇಲಿನ ಪದರ ತೆಗೆದು ತೊಳೆಯಬೇಕು. ಶಿಬಿರ ಹೋದ ಮೇಲೆ ಅದನ್ನು ಮಾಡುವವರು ಊರವರು. ಕೆಲಸ ಉಳಿಯುವುದೂ ಅಳಿಯುವುದೂ ಅವರನ್ನು ಮೊದಲು ಕೇಳಿದ್ದರೋ ಇಲ್ಲವೋ ಎಂಬುದರ ಮೇಲೆ.

ಹಳ್ಳಿಗೆ ಬಂದವರು ಹಳ್ಳಿಯಿಂದಲೇ ಓದಲು ಹೋದವರಾಗಿರುವುದು ಕರ್ನಾಟಕದ ಶಿಬಿರಗಳ ಇನ್ನೊಂದು ಸಂಗತಿ. ಪಟ್ಟಣದ ಕಾಲೇಜಿನಿಂದ ಬಂದರೂ ಮನೆಯಲ್ಲಿ ಇದೇ ಸಲಿಕೆ ಹಿಡಿದವರು ತಂಡದಲ್ಲಿ ಹಲವರು. ಅವರಿಗೆ ಶಿಬಿರದಲ್ಲಿ ಹೊಸದು ಮಣ್ಣಿನ ಕೆಲಸವಲ್ಲ. ಬೇರೆ ಜಾತಿಯ ಸಹಪಾಠಿಯ ಜತೆ ಏಳು ದಿನ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಹುಡುಗಿಯರಾದರೆ ಮನೆಯವರಿಲ್ಲದೆ ಪರ ಊರಲ್ಲಿ ರಾತ್ರಿ ಕಳೆಯುವುದು. ಅಡುಗೆ ತಂಡಕ್ಕೆ ಹುಡುಗರನ್ನೂ ಸರದಿಯಂತೆ ಹಾಕುವ ಶಿಬಿರಾಧಿಕಾರಿಗಳು ಈ ವಿಷಯದಲ್ಲಿ ಲಿಕ್ಟೆನ್‌ಸ್ಟೈನಿನವರಿಗಿಂತ ಮುಂದೆ.

ರಜೆ ಸೇವೆಗೆ ದೇವಸ್ಥಾನಗಳೂ ದಾರಿ ತೆರೆದವು. ತಿರುಮಲ ತಿರುಪತಿ ದೇವಸ್ಥಾನ 2000ದಲ್ಲಿ ಶ್ರೀವಾರಿ ಸೇವೆ ಆರಂಭಿಸಿತು. ಸಾಲು ನೋಡಿಕೊಳ್ಳಲು, ಅನ್ನ ಬಡಿಸಲು ಕರ್ನಾಟಕದಿಂದಲೂ ಜನ ರಜೆ ಹಾಕಿ ಗುಂಪಾಗಿ ಹೋಗುತ್ತಾರೆ. ಅಲ್ಲಿ ಊರಿಗೆ ಬೇಕೋ ಬಂದವರಿಗೆ ಬೇಕೋ ಎಂಬ ಗೊಂದಲವೇ ಇಲ್ಲ, ಸೇವೆ ಮಾಡುವವರು ಬರುವುದೇ ತಮ್ಮ ಪುಣ್ಯಕ್ಕೆ.

ಆ ಗೊಂದಲ ಅಪಾಯಕ್ಕೆ ತಿರುಗಿದ್ದು ಪ್ರವಾಸದ ವ್ಯಾಪಾರದಲ್ಲಿ. ಇಪ್ಪತ್ತನೇ ಶತಮಾನದ ಕೊನೆಗೆ ಶ್ರೀಮಂತ ದೇಶಗಳ ಯುವಕರಿಗೆ ಎರಡು ವಾರದ ಸೇವೆಯನ್ನು ಪ್ಯಾಕೇಜ್ ಮಾಡಿ ಮಾರುವ ಕಂಪನಿಗಳು ಹುಟ್ಟಿಕೊಂಡವು. ಅದರ ಕೆಟ್ಟ ರೂಪ ಕಂಡದ್ದು ಕಾಂಬೋಡಿಯದಲ್ಲಿ. 2005ರಿಂದ 2010ರೊಳಗೆ ಅಲ್ಲಿಯ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಏರಿತು, ಅವುಗಳಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಮಕ್ಕಳೊಂದಿಗೆ ಆಡಲು ಹಣ ಕೊಟ್ಟು ಬರುವ ಪ್ರವಾಸಿಗರಿದ್ದುದರಿಂದ ಮಕ್ಕಳನ್ನು ಮನೆಯಿಂದ ತರಲಾಗುತ್ತಿತ್ತು. ನೇಪಾಳದಲ್ಲೂ ಇದೇ ಕಥೆ. ಕೂಲಿಯವರ ಕೆಲಸ ಕಸಿಯಬಾರದು, ಊರವರು ಕರೆಯದೆ ಹೋಗಬಾರದು ಎಂದು ಸೆರೆಸೋಲನ ಕಡೆಯವರು ಹಾಕಿಕೊಂಡಿದ್ದ ಕಟ್ಟುಪಾಡು ಇಲ್ಲಿ ಪೂರ್ತಿ ಕಳಚಿತ್ತು.

ಭಾರತದ ಶಿಬಿರಗಳಿಗೆ ಒತ್ತಡ ಬಂದದ್ದು ಬೇರೆ ದಿಕ್ಕಿನಿಂದ. ಎನ್ನೆಸ್ಸೆಸ್ ಸ್ವಯಂಸೇವಕರ ಸಂಖ್ಯೆ 40 ಲಕ್ಷದ ಹತ್ತಿರ ಬಂದಿದೆ. ಆದರೆ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಎರಡು ಪರೀಕ್ಷೆಗಳ ನಡುವಿನ ಬಿಡುವು ಕುಗ್ಗಿ, ದೊಡ್ಡ ರಜೆಯೇ ಇಲ್ಲದಾಗಿದೆ. ಪಾಠದ ದಿನಗಳ ನಡುವೆಯೇ ಶಿಬಿರ ತುರುಕುವ ಕಾಲೇಜುಗಳೂ ಇವೆ. ಇನ್ನೊಂದೆಡೆ ದೇಶಮುಖ್ ಸಮಿತಿಯ ಕಡ್ಡಾಯ ಬೇರೆ ವೇಷದಲ್ಲಿ ಮರಳಿದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್ ಐಚ್ಛಿಕ ವಿಷಯವಾಗಿ ಕ್ರೆಡಿಟ್ ಪಡೆಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗ ಎನ್ನೆಸ್ಸೆಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಪಾಸಾಗದಿದ್ದರೆ ಪದವಿ ಇಲ್ಲ.